ಮೂಳೆ ತಿಳಿಯದೆ ತೋಳು ಮೂಡುವುದಿಲ್ಲ

ಕಂಪ್ಯೂಟರಿನಲ್ಲಿ ಮೂರು ಆಯಾಮದ ಆಕೃತಿಗಳನ್ನು ರೂಪಿಸುವ ಬ್ಲೆಂಡರ್, ಜೀಬ್ರಷ್ ತಂತ್ರಾಂಶಗಳ ಕುಂಚಗಳು ಕೈಗೆ ಒಗ್ಗಿದರೆ ಸಾಕು, ಅಂಗರಚನೆಯ ತಿಳಿವಳಿಕೆ ತಾನಾಗಿ ಬರುತ್ತದೆ ಎಂದು ನಾನು ಓದಿದ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಎರಡು ವರ್ಷ ನಾನೂ ಹಾಗೆಯೇ ನಂಬಿದ್ದೆ. ಮಾಡಿದ ಮುಂಗೈಗಳೆಲ್ಲ ಕೊಳವೆಗಳಂತೆ ಕಾಣುತ್ತಿದ್ದವು.

ಕಣ್ಣು ತೆರೆಸಿದ್ದು ಧಾರವಾಡದ ನಮ್ಮ ಓಣಿಯ ಗರಡಿಮನೆ. ಕೆಂಪು ಮಣ್ಣು ಮೆತ್ತಿದ ತೋಳನ್ನು ಚಾಚಿದ ಪೈಲ್ವಾನನೊಬ್ಬ ಮೇಲ್ಮುಖವಾಗಿದ್ದ ಅಂಗೈಯನ್ನು ನಿಧಾನವಾಗಿ ಕೆಳಕ್ಕೆ ತಿರುಗಿಸಿದ. ಮೊಣಕೈಯ ಗಂಟು ಇದ್ದಲ್ಲೇ ಇತ್ತು, ಮುಂಗೈಯ ಆಕಾರವೇ ಬದಲಾಯಿತು! ಕಿರುಬೆರಳಿನ ಬದಿಯ ಅಲ್ನಾ ಮೂಳೆ ಬಹುಮಟ್ಟಿಗೆ ಅಲುಗುವುದಿಲ್ಲ. ಹೆಬ್ಬೆರಳಿನ ಬದಿಯ ರೇಡಿಯಸ್ ಅದರ ಮೇಲೆ ಅಡ್ಡ ಹಾಯುತ್ತದೆ, ಸ್ನಾಯುಗಳೂ ಜೊತೆಗೆ ತಿರುಚಿಕೊಳ್ಳುತ್ತವೆ. ಇದನ್ನು ಯಾವ ಕುಂಚವೂ ಕಲಿಸುವುದಿಲ್ಲ. ತೋಳನ್ನು ನೆಟ್ಟಗೆ 180 ಡಿಗ್ರಿ ಎತ್ತಿದಾಗಲೂ ಸುಮಾರು 60 ಡಿಗ್ರಿ ಚಲನೆ ಬೆನ್ನ ಮೇಲಿನ ಹೆಗಲಮೂಳೆಯದು. ಅದನ್ನು ಮರೆತರೆ ಗೊಂಬೆಗೆ ಕೋಲು ಸಿಕ್ಕಿಸಿದಂತಾಗುತ್ತದೆ.

ಹುಬ್ಬಳ್ಳಿಯಲ್ಲಿ ಅನಿಮೇಷನ್ ಕಲಿಯುತ್ತಿರುವ ಹುಡುಗ ಹುಡುಗಿಯರಲ್ಲಿ ನನ್ನ ಕೋರಿಕೆ ಇಷ್ಟೇ: ಪೂರ್ತಿ ದೇಹಕ್ಕೆ ಕೈ ಹಾಕುವ ಮೊದಲು ಒಂದು ತಿಂಗಳು ಮುಂಗೈಯೊಂದನ್ನೇ ಮಾಡಿ. ಮೊದಲು ಮೂಳೆ, ಆಮೇಲೆ ಸ್ನಾಯು, ಕೊನೆಗೆ ಚರ್ಮ. ಎಡಗೈಯನ್ನು ಮೇಜಿನ ಮೇಲಿಟ್ಟುಕೊಂಡು, ಮೊಣಕೈಯಿಂದ ಮಣಿಕಟ್ಟಿನವರೆಗೆ ಅಲ್ನಾದ ಅಂಚನ್ನು ಬೆರಳಿನಿಂದ ಸವರಿ ನೋಡುತ್ತಾ ಮಾಡಿ.