ಅಮೆರಿಕದ ಕಾಲೇಜಿಗೆ ಸಿಇಟಿ ಲೆಕ್ಕ ಒಗ್ಗುವುದಿಲ್ಲ

ಪ್ರತಿವರ್ಷ ಮಾರ್ಚ್ ಕೊನೆಯ ಹೊತ್ತಿಗೆ ಹಾರ್ವರ್ಡ್, ಯೇಲ್, ಕೊಲಂಬಿಯಾ ಸೇರಿದ ಐವಿ ಲೀಗ್ ಕೂಟದ ಎಂಟೂ ಹೆಸರಾಂತ ವಿಶ್ವವಿದ್ಯಾಲಯಗಳು ಒಂದೇ ಸಂಜೆ ಪ್ರವೇಶದ ಫಲಿತಾಂಶ ಹೊರಬಿಡುತ್ತವೆ. ಯುಗಾದಿಯೂ ಅದರ ಆಸುಪಾಸಿನಲ್ಲೇ ಬರುತ್ತದೆ. ಹಾಗಾಗಿ ಇಲ್ಲಿ ಉತ್ತರ ಟೆಕ್ಸಸ್‌ನ ನಮ್ಮ ಹಬ್ಬದೂಟಕ್ಕೆ ಹನ್ನೆರಡನೇ ಕ್ಲಾಸಿನ ಮಕ್ಕಳು ಬರುವುದೇ ಅಪರೂಪ. ಬಂದರೆ "ಎಲ್ಲಿ ಸಿಕ್ತು?" ಎಂಬ ಪ್ರಶ್ನೆ ಕಾದು ಕೂತಿರುತ್ತದೆಂದು ಅವರಿಗೆ ಗೊತ್ತು. ಹೋದ ಯುಗಾದಿಗೆ ಬಂದಿದ್ದ ಒಬ್ಬ ಹುಡುಗಿ "ಯುಟಿ ಡಲ್ಲಾಸ್, ಫುಲ್ ಸ್ಕಾಲರ್‌ಶಿಪ್" ಎಂದಳು. ಯುಟಿ ಡಲ್ಲಾಸ್ ಎಂದರೆ ಸರ್ಕಾರಿ ಟೆಕ್ಸಸ್ ವಿಶ್ವವಿದ್ಯಾಲಯದ (ಯುಟಿ) ಡಲ್ಲಾಸ್ ಶಾಖೆ. ಕೇಳಿದ ಹಿರಿಯರು "ಹೋಗ್ಲಿ ಬಿಡಮ್ಮ, ಇಲ್ಲೇ ಹತ್ರ, ಮನೆ ಊಟನೂ ಸಿಗುತ್ತೆ" ಎಂದು ಬೆನ್ನು ತಟ್ಟಿದರು. ನಾಲ್ಕು ವರ್ಷ ನಿನ್ನನ್ನು ನಮ್ಮ ಖರ್ಚಿನಲ್ಲಿ ಓದಿಸುತ್ತೇವೆ ಎಂದು ಒಂದು ವಿಶ್ವವಿದ್ಯಾಲಯ ಬರೆದುಕೊಟ್ಟಿರುವ ಮಗುವಿಗೆ ನಾವು ಹೇಳಿದ್ದು ಸಮಾಧಾನದ ಮಾತು. ಅದು ನನ್ನನ್ನು ಇನ್ನೂ ಚುಚ್ಚುತ್ತಿದೆ.

ಈ ಸಮಾಧಾನದ ಬೇರು ನಮ್ಮೂರಿನಲ್ಲಿದೆ. ಕರ್ನಾಟಕದಲ್ಲಿ ಸಿಇಟಿ ಶುರುವಾದದ್ದು 1994ರಲ್ಲಿ. ಅದಕ್ಕೆ ಮೊದಲು ಕ್ಯಾಪಿಟೇಶನ್ (ಡೊನೇಶನ್) ಹಾವಳಿ ಎಷ್ಟಿತ್ತೆಂದರೆ 1984ರಲ್ಲೇ ಅದನ್ನು ನಿಷೇಧಿಸಿ ಕಾನೂನು ತರಬೇಕಾಯಿತು. ನನ್ನ ಸುತ್ತಮುತ್ತಲಿನ ಕನ್ನಡಿಗ ಎಂಜಿನಿಯರುಗಳಲ್ಲಿ ಬಹುಪಾಲು ಮಂದಿ ಸಿಇಟಿ ಸೀಟು ಹಿಡಿದೇ ಮೇಲೆ ಬಂದವರು. ನಾನೂ ಹಾಗೆಯೇ. ಕಳೆದ ಬೇಸಿಗೆಯಲ್ಲಿ ಮೈಸೂರಿಗೆ ಹೋಗಿದ್ದಾಗ ಅಣ್ಣನ ಮಗನ ಆಪ್ಷನ್ ಎಂಟ್ರಿ ನಡೆದಿತ್ತು. ಊಟದ ಮೇಜಿನ ತುಂಬ ಗೆರೆ ಹಾಕಿದ ಹಾಳೆಗಳು. ಮೊದಲ ಸಾಲಿನಲ್ಲಿ ಕಾಲೇಜು, ಪಕ್ಕದಲ್ಲಿ ಬ್ರಾಂಚು, ಅದರ ಪಕ್ಕ ಹೋದ ವರ್ಷ ಜಿಎಂನಲ್ಲಿ ಸೀಟು ಎಷ್ಟನೇ ರ‍್ಯಾಂಕಿಗೆ ಮುಗಿಯಿತು, 3ಬಿಯಲ್ಲಿ ಎಷ್ಟಕ್ಕೆ ಮುಗಿಯಿತು ಎಂಬ ಲೆಕ್ಕ. ಎಲ್ಲ ಪೆನ್ಸಿಲ್ಲಿನಲ್ಲಿ. ಯಾಕೆಂದರೆ ಎನ್‌ಐಇಯ ಎಲೆಕ್ಟ್ರಿಕಲ್ ಮೇಲಿರಬೇಕೋ, ಬೆಂಗಳೂರಿನ ಹೊರವಲಯದ ಹೊಸ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಮೇಲಿರಬೇಕೋ ಎಂಬುದು ಗಂಟೆಗೊಮ್ಮೆ ಬದಲಾಗುತ್ತಿತ್ತು.

ಆ ಹಾಳೆಗಳ ಮೇಲೆ ನನಗೆ ಗೌರವವಿದೆ. ಪಿಯುಸಿಯ ಪಿಸಿಎಂ ಅಂಕಕ್ಕೆ ಅರ್ಧ, ಸಿಇಟಿಗೆ ಅರ್ಧ ತೂಕ ಕೊಟ್ಟು ರ‍್ಯಾಂಕ್ ಮಾಡುತ್ತಾರೆ. ಯಾವ ಸೀಟು ಯಾವ ರ‍್ಯಾಂಕಿಗೆ ಹೋಯಿತೆಂದು ಪ್ರಕಟಿಸುತ್ತಾರೆ. ಹಳ್ಳಿಯಲ್ಲಿ ಓದಿದವರಿಗೆ, ಕನ್ನಡ ಮಾಧ್ಯಮದವರಿಗೆ, ಕಲ್ಯಾಣ ಕರ್ನಾಟಕದವರಿಗೆ ಪಾಲು ಇದೆ. ಎಂಟು ಲಕ್ಷದೊಳಗಿನ ಆದಾಯದ ಮನೆಯ ಮಕ್ಕಳಿಗೆ ಎಸ್‌ಎನ್‌ಕ್ಯೂ ಎಂಬ ಹೆಚ್ಚುವರಿ ಕೋಟಾದ ಅಡಿಯಲ್ಲಿ ಬೋಧನಾ ಶುಲ್ಕವಿಲ್ಲದ ಸೀಟುಗಳೂ ಇವೆ. ಸಿಂಧನೂರಿನ ರೈತನ ಮಗಳಿಗೆ ಸೀಟು ತಪ್ಪಿದರೆ ಯಾಕೆ ತಪ್ಪಿತೆಂದು ಆಕೆ ಬೆರಳಿಟ್ಟು ತೋರಿಸಬಲ್ಲಳು. ಮ್ಯಾನೇಜ್‌ಮೆಂಟ್ ಕೋಟಾದ ಕಥೆ ಬೇರೆ, ಅದನ್ನು ಸದ್ಯಕ್ಕೆ ಬಿಡೋಣ. ಸರ್ಕಾರಿ ಸೀಟಿನ ಮಟ್ಟಿಗೆ ಲೆಕ್ಕ ಬಯಲಲ್ಲಿದೆ.

ತೊಂದರೆ ಆಗುವುದು ಆ ಲೆಕ್ಕವನ್ನು ಸೂಟ್‌ಕೇಸಿನಲ್ಲಿಟ್ಟು ಇಲ್ಲಿಗೆ ತಂದಾಗ. ಊರಿನಲ್ಲಿ ಒಳ್ಳೆಯ ರ‍್ಯಾಂಕಿಗೆ ಒಳ್ಳೆಯ ಕಾಲೇಜು. ಆದ್ದರಿಂದ ಕಾಲೇಜಿನ ಹೆಸರು ಕೇಳಿದರೆ ರ‍್ಯಾಂಕ್ ಗೊತ್ತಾದಂತೆ. ಅಮೆರಿಕದಲ್ಲಿ ಅಂಥ ಒಂದೇ ಪಟ್ಟಿಯೇ ಇಲ್ಲ. ಹಾರ್ವರ್ಡ್ ನೂರು ಅರ್ಜಿಗಳಲ್ಲಿ ಹೆಚ್ಚುಕಮ್ಮಿ ನಾಲ್ಕನ್ನು ಆಯ್ದುಕೊಳ್ಳುತ್ತದೆ. ಅಂಕ, ಪ್ರಬಂಧ, ಶಿಕ್ಷಕರ ಶಿಫಾರಸು, ಆಟ, ಸಂಗೀತ, ಯಾವ ಊರಿನವರು, ಅಪ್ಪ ಅಲ್ಲೇ ಓದಿದ್ದರೇ, ಎಲ್ಲವನ್ನೂ ಒಂದು ಸಮಿತಿ ಮುಚ್ಚಿದ ಬಾಗಿಲ ಹಿಂದೆ ತೂಗುತ್ತದೆ. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಅವರ ಜೊತೆಗಾರರು 2023ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದೇನೆಂದರೆ, ಪರೀಕ್ಷೆಯಲ್ಲಿ ಅಷ್ಟೇ ಅಂಕ ತೆಗೆದಿದ್ದರೂ ಮಧ್ಯಮ ವರ್ಗದ ಮಕ್ಕಳಿಗಿಂತ ಅತಿ ಶ್ರೀಮಂತ ಶೇಕಡಾ ಒಂದರ ಮನೆಗಳ ಮಕ್ಕಳು ಇಂಥ ಕಾಲೇಜುಗಳನ್ನು ಸೇರುವ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚು. ಹೀಗೆ ನಡೆಯುವ ಆಯ್ಕೆಯಲ್ಲಿ ಬಾರದೇ ಹೋದದ್ದನ್ನು ಮಗುವಿನ ಯೋಗ್ಯತೆಯ ಅಳತೆಯೆಂದು ಓದುವುದು ಅನ್ಯಾಯ. ಆ ಅನ್ಯಾಯ ಮಾಡುತ್ತಿರುವವರು ನಾವು, ಹೆತ್ತವರು.

ಟೆಕ್ಸಸ್‌ನಲ್ಲಿ ಮಾತ್ರ ನಮ್ಮೂರಿನವರಿಗೆ ಅರ್ಥವಾಗುವಂಥ ಒಂದು ಕಾನೂನಿದೆ. 1997ರಿಂದ, ರಾಜ್ಯದ ಯಾವುದೇ ಹೈಸ್ಕೂಲಿನಲ್ಲಿ ಮೇಲಿನ ಶೇಕಡಾ ಹತ್ತರೊಳಗೆ ಬಂದವರಿಗೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ. ಆಸ್ಟಿನ್‌ನ ಯುಟಿ ಮುಖ್ಯ ಕ್ಯಾಂಪಸ್ಸಿಗೆ ಒತ್ತಡ ಹೆಚ್ಚಾಗಿ ಈ ಮಿತಿ ಶೇಕಡಾ ಆರಕ್ಕೆ ಇಳಿಯಿತು, 2026ರ ಬ್ಯಾಚಿಗೆ ಐದಾಯಿತು. ಮೆಕ್ಸಿಕೊ ಗಡಿಯ ಸಣ್ಣ ಊರಿನ ಹುಡುಗ ತನ್ನ ಶಾಲೆಯವರೊಂದಿಗೆ ಮಾತ್ರ ಸ್ಪರ್ಧಿಸಿದರೆ ಸಾಕು. ನಮ್ಮವರಾದರೋ ಸ್ಕೂಲು ಚೆನ್ನಾಗಿದೆಯೆಂದು ಪ್ಲೇನೊ, ಫ್ರಿಸ್ಕೊಗಳಲ್ಲಿ ಒಂದೇ ಬಡಾವಣೆಗಳಿಗೆ ಮುಗಿಬಿದ್ದು ಮನೆ ಕೊಂಡು, ಮಕ್ಕಳನ್ನು ಒಬ್ಬರಿಗೊಬ್ಬರು ಎದುರಾಳಿಗಳನ್ನಾಗಿ ಮಾಡಿದ್ದೇವೆ. ಇನ್ನೊಂದು ವಿಷಯ ಅನೇಕರಿಗೆ ತಡವಾಗಿ ಗೊತ್ತಾಗುತ್ತದೆ: ನೇರ ಪ್ರವೇಶ ವಿಶ್ವವಿದ್ಯಾಲಯಕ್ಕೆ ಮಾತ್ರ, ಕಂಪ್ಯೂಟರ್ ಸೈನ್ಸಿಗಲ್ಲ. ಬ್ರಾಂಚಿಗೆ ಮತ್ತೆ ಬೇರೆ ಆಯ್ಕೆ ನಡೆಯುತ್ತದೆ.

ಇನ್ನು ಸ್ಕಾಲರ್‌ಶಿಪ್ಪಿನ ಮಾತು. ಐವಿ ಲೀಗಿನ ಎಂಟೂ ವಿಶ್ವವಿದ್ಯಾಲಯಗಳು ಮೆರಿಟ್ ಸ್ಕಾಲರ್‌ಶಿಪ್ ಕೊಡುವುದೇ ಇಲ್ಲ, ಎಂಐಟಿಯೂ ಕೊಡುವುದಿಲ್ಲ. ಅವು ನೋಡುವುದು ಮನೆಯ ಆದಾಯವನ್ನು. ಅದರಲ್ಲಿ ಅವು ಉದಾರವಾಗಿಯೇ ಇವೆ. 2025ರಿಂದ ಹಾರ್ವರ್ಡ್‌ನಲ್ಲಿ ವರ್ಷಕ್ಕೆ ಎರಡು ಲಕ್ಷ ಡಾಲರಿನವರೆಗೆ ದುಡಿಯುವ ಮನೆಗಳ ಮಕ್ಕಳಿಗೆ ಬೋಧನಾ ಶುಲ್ಕವಿಲ್ಲ. ಆದರೆ ಇಬ್ಬರೂ ಐಟಿಯಲ್ಲಿರುವ ನಮ್ಮ ಬಹಳಷ್ಟು ಮನೆಗಳು ಆ ಗೆರೆಯ ಆಚೆ ಇವೆ. ವರ್ಷಕ್ಕೆ ತೊಂಬತ್ತು ಸಾವಿರ ಡಾಲರ್ ಕೊಡುವಷ್ಟು ಶ್ರೀಮಂತಿಕೆಯೂ ಇಲ್ಲ, ನೆರವು ಸಿಗುವಷ್ಟು ಬಡತನವೂ ಇಲ್ಲ. ಮೆರಿಟ್ ಹಣ ಇಂಥವರಿಗೇ ಮುಖ್ಯ, ಮತ್ತು ಅದನ್ನು ಕೊಡುವುದು ಇನ್ನೂ ಮೇಲೇರಬೇಕೆಂದಿರುವ ವಿಶ್ವವಿದ್ಯಾಲಯಗಳು. ಅಲಬಾಮಾ ವಿಶ್ವವಿದ್ಯಾಲಯವಂತೂ ಇಷ್ಟು ಜಿಪಿಎ, ಇಷ್ಟು ಸ್ಕೋರು ಇದ್ದರೆ ಇಷ್ಟು ಹಣವೆಂದು ಕೋಷ್ಟಕವನ್ನೇ ಪ್ರಕಟಿಸುತ್ತದೆ. ಸಿಇಟಿ ಕಂಡ ಕಣ್ಣಿಗೆ ಇಡೀ ಅಮೆರಿಕದಲ್ಲಿ ಇದಕ್ಕಿಂತ ಪರಿಚಿತವಾದ ಕಾಗದ ಸಿಗಲಾರದು.

ಯುಟಿ ಡಲ್ಲಾಸ್ ಕೂಡ ಅದೇ ಜಾತಿಯದು. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಚಿಪ್ ಕಂಪನಿಯನ್ನು ಕಟ್ಟಿದ ಗ್ರೀನ್, ಜಾನ್ಸನ್, ಮೆಕ್‌ಡರ್ಮಟ್ ಎಂಬ ಮೂವರು, ತಮಗೆ ಬೇಕಾದ ವಿಜ್ಞಾನಿಗಳು ಈ ಸೀಮೆಯಲ್ಲಿ ತಯಾರಾಗುತ್ತಿಲ್ಲವೆಂದು ಹುಟ್ಟುಹಾಕಿದ ಸಂಶೋಧನಾ ಕೇಂದ್ರ 1969ರಲ್ಲಿ ವಿಶ್ವವಿದ್ಯಾಲಯವಾಯಿತು. (ಅದೇ ಕಂಪನಿ 1985ರಲ್ಲಿ ಬೆಂಗಳೂರಿಗೆ ಬಂದು ನಮ್ಮ ಊರಿನ ಹಣೆಬರಹವನ್ನೇ ಬದಲಿಸಿತು.) ಪಿಯುಸಿ ಮುಗಿಸಿದ ವಯಸ್ಸಿನವರನ್ನು ಅದು ತೆಗೆದುಕೊಳ್ಳಲು ಶುರುಮಾಡಿದ್ದು 1990ರಲ್ಲಿ. 2015ರ ರಸಾಯನಶಾಸ್ತ್ರದ ನೊಬೆಲ್ ಪಡೆದ ಅಜೀಜ್ ಸಂಜಾರ್ ಪಿಎಚ್‌ಡಿ ಮಾಡಿದ್ದು ಇಲ್ಲಿಯೇ. ಹನ್ನೊಂದನೇ ಕ್ಲಾಸಿನಲ್ಲಿ ಪಿಎಸ್ಎಟಿ ಎಂಬ ದೇಶವ್ಯಾಪಿ ಪರೀಕ್ಷೆ ಬರೆಯುವ ಹತ್ತು ಲಕ್ಷಕ್ಕೂ ಮಿಕ್ಕ ಮಕ್ಕಳಲ್ಲಿ ನ್ಯಾಷನಲ್ ಮೆರಿಟ್ ಎಂಬ ಸ್ಕಾಲರ್‌ಶಿಪ್ ಸ್ಪರ್ಧೆಯ ಸೆಮಿಫೈನಲ್ ಹಂತ ತಲುಪುವವರು ಸುಮಾರು 16,000. ಹಾಗೆ ಗೆದ್ದು ಬಂದವರನ್ನು ಯುಟಿ ಡಲ್ಲಾಸ್ ವರ್ಷಗಳಿಂದ ಹಣ ಕೊಟ್ಟು ಕರೆಯುತ್ತಿದೆ. ತನ್ನ ಹೆಸರು ಬೆಳೆಯಲೆಂದೇ ಕರೆಯುತ್ತದೆ, ಅದರಲ್ಲಿ ಮುಚ್ಚುಮರೆಯಿಲ್ಲ. ಇಂಥ ಹಣ ಅನುಕೂಲಸ್ಥರ ಮಕ್ಕಳಿಗೇ ಹೆಚ್ಚಾಗಿ ಹೋಗುತ್ತದೆ, ಬಡವರ ಪಾಲು ಕಡಿಮೆಯಾಗುತ್ತದೆ ಎಂಬ ಟೀಕೆಯೂ ಇದೆ, ಅದು ನಿಜ ಕೂಡ. ಆದರೂ ನಾವು ಸಮಾಧಾನ ಹೇಳಿದ ಆ ಹುಡುಗಿ ಗೆದ್ದಿದ್ದು ಇಷ್ಟು ದೊಡ್ಡ ಸ್ಪರ್ಧೆಯಲ್ಲಿ.

ಈಗ ಏಪ್ರಿಲ್‌ನಲ್ಲಿ ಮನೆಗೆ ಬರುವ ನೆರವಿನ ಪತ್ರದ ವಿಷಯಕ್ಕೆ ಬರುತ್ತೇನೆ, ನಮ್ಮವರು ಮೋಸಹೋಗುವುದು ಇಲ್ಲಿಯೇ. ಪರಿಚಯದ ಕುಟುಂಬವೊಂದು ಪೂರ್ವ ಕರಾವಳಿಯ ಹೆಸರಾಂತ ಖಾಸಗಿ ಕಾಲೇಜಿನ ಪತ್ರ ಹಿಡಿದುಕೊಂಡು ನಮ್ಮ ಮನೆಗೆ ಬಂದಿತ್ತು. ಮೇಲೆ ಒಟ್ಟು ವೆಚ್ಚ. ಕೆಳಗೆ ಒಂದರ ಕೆಳಗೊಂದು ನೆರವಿನ ಸಾಲುಗಳು: ಸಣ್ಣದೊಂದು ಗ್ರಾಂಟ್, ಕ್ಯಾಂಪಸ್ ಕೆಲಸದ ಸಂಬಳ, ವಿದ್ಯಾರ್ಥಿಯ ಹೆಸರಿನ 5,500 ಡಾಲರ್ ಫೆಡರಲ್ ಸಾಲ, ಕೊನೆಗೆ ಪೇರೆಂಟ್ ಪ್ಲಸ್ ಎಂಬ ದೊಡ್ಡ ಮೊತ್ತ. ಎಲ್ಲ ಕಳೆದು ಉಳಿದ ಬಾಕಿ ಸೊನ್ನೆ. "ಪೂರ್ತಿ ಕವರ್ ಆಗಿದೆ" ಎಂದು ಅವರು ಹಿಗ್ಗುತ್ತಿದ್ದರು. ಪೇರೆಂಟ್ ಪ್ಲಸ್ ಎಂದರೆ ತಂದೆತಾಯಿ ಬಡ್ಡಿ ಸಮೇತ ತೀರಿಸಬೇಕಾದ ಸಾಲ. ಪೆನ್ನು ತೆಗೆದುಕೊಂಡು ಸಾಲದ ಸಾಲುಗಳನ್ನೂ, ದುಡಿದರೆ ಮಾತ್ರ ಸಿಗುವ ಸಂಬಳದ ಸಾಲನ್ನೂ ಹೊಡೆದುಹಾಕಿದೆವು. ಉಳಿದದ್ದು ಗ್ರಾಂಟ್ ಒಂದೇ, ಅದು ಒಟ್ಟು ವೆಚ್ಚದ ಹತ್ತನೇ ಒಂದು ಭಾಗವೂ ಆಗುತ್ತಿರಲಿಲ್ಲ. ಆ ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಹುಡುಗ ಕೊನೆಗೆ ರಾಜ್ಯದ ವಿಶ್ವವಿದ್ಯಾಲಯ ಸೇರಿದ.

ಹಾಗಾದರೆ ಹೆಸರಿಗೆ ಬೆಲೆಯೇ ಇಲ್ಲವೇ? ಇದೆ. ಯಾರಿಗೆ ಇದೆ ಎಂಬುದನ್ನು ನೋಡಬೇಕು. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಎಂಬ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಸಂಶೋಧನೆಯ ಸಾರ ಇಷ್ಟು: ದೊಡ್ಡ ಹೆಸರಿನ ಕಾಲೇಜಿಗೆ ಅರ್ಹರಾಗಿದ್ದೂ ಬೇರೆಡೆ ಓದಿದವರ ಸಂಪಾದನೆ ಮುಂದೆ ಹೆಚ್ಚುಕಮ್ಮಿ ಸಮವಾಗಿಯೇ ಇತ್ತು. ಹೆಸರಿನಿಂದ ನಿಜಕ್ಕೂ ಲಾಭವಾದದ್ದು ಕಡಿಮೆ ಆದಾಯದ ಮನೆಗಳ ಮಕ್ಕಳಿಗೆ. ಚೆಟ್ಟಿಯವರ ಅಧ್ಯಯನವೂ ಸರಾಸರಿ ಸಂಪಾದನೆಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ತೀರಾ ಮೇಲಿನ ಶೇಕಡಾ ಒಂದಕ್ಕೆ ಏರುವ ಅವಕಾಶ ಮಾತ್ರ ಹೆಚ್ಚುತ್ತದೆ ಎಂದಿತು. ನನಗೆ ಇದರಿಂದ ತಿಳಿಯುವುದು: ಮನೆಯಲ್ಲಿ ಯಾರೂ ಕಾಲೇಜು ಮೆಟ್ಟಿಲು ಹತ್ತದ ಹುಡುಗಿಗೆ ಯೇಲ್ ಸಿಕ್ಕಿ, ಅದು ಹಣವನ್ನೂ ಕೊಟ್ಟರೆ ಎರಡನೇ ಯೋಚನೆ ಮಾಡದೆ ಹೋಗಬೇಕು. ಅಪ್ಪ-ಅಮ್ಮ ಇಬ್ಬರೂ ಎಂಜಿನಿಯರ್, ಇಂಟರ್ನ್‌ಶಿಪ್ಪಿಗೆ ಒಂದು ಫೋನ್ ಮಾಡಿದರೆ ಕೇಳುವವರಿದ್ದಾರೆ ಎಂಬ ನಮ್ಮ ಮನೆಗಳ ಮಕ್ಕಳಿಗೆ ಆ ಬಾಗಿಲು ಆಗಲೇ ಅರ್ಧ ತೆರೆದಿದೆ. ಅದನ್ನು ಇನ್ನರ್ಧ ತೆರೆಯಲು ಮೂರು ಲಕ್ಷಕ್ಕೂ ಹೆಚ್ಚು ಡಾಲರ್ ಸುರಿಯುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ.

ಹೆಸರೆಂಬುದು ಎಷ್ಟು ಗಟ್ಟಿ ಎಂಬುದಕ್ಕೆ ಕೊಲಂಬಿಯಾ ಸಾಕ್ಷಿ. ಅದು ಯುಎಸ್ ನ್ಯೂಸ್ ಸಂಸ್ಥೆ ಪ್ರತಿವರ್ಷ ಹೊರಡಿಸುವ ಕಾಲೇಜು ಶ್ರೇಯಾಂಕದ ಪಟ್ಟಿಯಲ್ಲಿ ಎರಡನೇ ಸ್ಥಾನದಲ್ಲಿತ್ತು. ಕೊಟ್ಟ ಅಂಕಿಅಂಶಗಳು ಸರಿಯಿಲ್ಲವೆಂದು ಅಲ್ಲಿಯದೇ ಗಣಿತದ ಪ್ರಾಧ್ಯಾಪಕ ಮೈಕಲ್ ಥಡಿಯಸ್ ತೋರಿಸಿದ ಮೇಲೆ 2022ರ ಸೆಪ್ಟೆಂಬರ್‌ನಲ್ಲಿ ಹದಿನೆಂಟಕ್ಕೆ ಇಳಿಯಿತು. ಆ ವರ್ಷ ಅಲ್ಲಿ ಪಾಠ ಮಾಡುತ್ತಿದ್ದವರು ಹಿಂದಿನ ವರ್ಷದವರೇ.

ಅಮೆರಿಕದ ಪದ್ಧತಿಯಲ್ಲಿ ನಮ್ಮೂರಿಗೆ ಬೇಕಾದದ್ದೂ ಇದೆ. ನನ್ನ ಅಣ್ಣನ ಮಗ ಪೆನ್ಸಿಲ್ಲಿನಲ್ಲಿ ಬರೆದ ಬ್ರಾಂಚು ಹದಿನೆಂಟನೇ ವಯಸ್ಸಿಗೆ ಶಾಸನದಂತೆ ಕೂತುಬಿಡುತ್ತದೆ. ಇಲ್ಲಿಯ ಮಕ್ಕಳು ಜೀವಶಾಸ್ತ್ರಕ್ಕೆ ಸೇರಿ ಅರ್ಥಶಾಸ್ತ್ರದಲ್ಲಿ ಪದವಿ ಪಡೆಯುವುದು ಮಾಮೂಲು.

ನಮ್ಮೊಳಗೆ ಹೆಚ್ಚು ಕಷ್ಟದಲ್ಲಿರುವವರು ಎಚ್-4 ವೀಸಾದ, ಅಂದರೆ ಅಪ್ಪ ಅಥವಾ ಅಮ್ಮನ ಉದ್ಯೋಗ ವೀಸಾಕ್ಕೆ ಅವಲಂಬಿತರಾಗಿ ಇಲ್ಲಿರುವ ಮಕ್ಕಳು. ಇಲ್ಲೇ ಬೆಳೆದಿದ್ದರೂ ಫೆಡರಲ್ ನೆರವಿನ ಅರ್ಜಿ ಹಾಕುವಂತಿಲ್ಲ. ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತಿರುವಾಗಲೇ ಇಪ್ಪತ್ತೊಂದು ತುಂಬಿದರೆ ಅವಲಂಬಿತರ ವೀಸಾ ಮುಗಿದು, ವಿದ್ಯಾರ್ಥಿ ವೀಸಾ ಹುಡುಕಬೇಕು. ಅವರ ಪಾಲಿಗೆ ವಿಶ್ವವಿದ್ಯಾಲಯ ತಾನೇ ಕೊಡುವ ಮೆರಿಟ್ ಹಣ ಬಹಳ ಸಲ ಉಳಿದಿರುವ ಏಕೈಕ ದಾರಿ. ಅವರ ಮನೆಗಳಲ್ಲಿ ಈ ವಿಷಯ ಹನ್ನೊಂದನೇ ಕ್ಲಾಸಿಗೇ ಚರ್ಚೆಯಾಗಬೇಕು, ಹನ್ನೆರಡನೆಯದರ ಮಾರ್ಚ್‌ಗಲ್ಲ.

ನಮ್ಮ ಕನ್ನಡ ಕೂಟಗಳು ವರ್ಷಕ್ಕೊಮ್ಮೆ ಕಾಲೇಜು ಸಲಹೆಗಾರರನ್ನು ಕರೆಸಿ ಐವಿ ಪ್ರವೇಶದ ಮೇಲೆ ಭಾಷಣ ಮಾಡಿಸುತ್ತವೆ. ಅದರ ಬದಲು ಆಗಸ್ಟ್‌ನಲ್ಲೊಂದು ಭಾನುವಾರ ಹಿಂದಿನ ವರ್ಷದ ಮನೆಗಳಿಂದ ನೆರವಿನ ಪತ್ರಗಳನ್ನು ಹೆಸರು ಅಳಿಸಿ ತರಿಸೋಣ. ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲೂ ನೆರವು ಕಳೆದು ನಮ್ಮ ಮನೆಗೆ ಎಷ್ಟು ಖರ್ಚು ಬಿದ್ದೀತೆಂದು ಅಂದಾಜಿಸುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇರಬೇಕೆಂದು ಕಾನೂನೇ ಇದೆ. ಲ್ಯಾಪ್‌ಟಾಪ್ ತೆರೆದು ಮಕ್ಕಳ ಎದುರಿಗೇ ಲೆಕ್ಕ ಹಾಕೋಣ. ಈ ಸಲದ ಆಗಸ್ಟ್‌ಗೆ ಜಾಗ ನೋಡುವ ಕೆಲಸ ನಾನು ವಹಿಸಿಕೊಂಡಿದ್ದೇನೆ. ಪತ್ರ ಕೊಡುತ್ತೇವೆಂದು ಕೆಲವು ಮನೆಯವರು ಆಗಲೇ ಒಪ್ಪಿದ್ದಾರೆ.