ಕಾಲಮಿತಿ ಕ್ಯಾಮೆರಾ

ಓಣಂ ಹತ್ತಿರ ಬಂದರೆ ನಮ್ಮ ಕಾಸರಗೋಡಿನಲ್ಲಿ ಸುದ್ದಿಯೆಲ್ಲ ಪೇಪರಿನ ಮೂರನೆಯ ಪುಟಕ್ಕೆ ಓಡುತ್ತದೆ. ಮುಖಪುಟ ಪೂರ್ತಿ ಆಫರ್. ಫ್ರಿಜ್, ಟಿವಿ, ವಾಷಿಂಗ್ ಮೆಷಿನ್‌ಗಳ ನಡುವೆ ಈ ಸಲ ಕ್ಯಾಮೆರಾಕ್ಕೂ ಒಂದು ಮೂಲೆ ಸಿಕ್ಕಿದೆ. ನೀವೂ ನೋಡಿರುತ್ತೀರಿ. ಕ್ಯಾಮೆರಾದ ಚಿತ್ರ ಹೆಬ್ಬೆರಳಿನಷ್ಟು, ಪಕ್ಕದ ಅಂಕಿಗಳು ಅಂಗೈಯಷ್ಟು.

ಈ ಅಂಕಿಗಳ ಮೇಲೆ ನನಗೆ ಬಹಳ ಭಕ್ತಿ. ಈಗಿನ ಕೆಲವು ಫೋನುಗಳಲ್ಲಿ 200 ಮೆಗಾಪಿಕ್ಸೆಲ್, ಅಂದರೆ 20 ಕೋಟಿ ಚುಕ್ಕಿ. ಸುಮ್ನೆ ಕ್ಲಿಕ್ ಮಾಡಿದರೆ ಅದು ಹದಿನಾರು ಚುಕ್ಕಿಗಳನ್ನು ಸೇರಿಸಿ ಒಂದು ಮಾಡಿ 12.5 ಮೆಗಾಪಿಕ್ಸೆಲಿನ ಫೋಟೋ ಕೊಡುತ್ತದೆ. ಚುಕ್ಕಿ ತೀರಾ ಸಣ್ಣದಾದರೆ ಒಂದೊಂದಕ್ಕೆ ಬೀಳುವ ಬೆಳಕು ಸಾಲುವುದಿಲ್ಲ, ಅದಕ್ಕೇ ಸೇರಿಸುವುದು. ಹಾಗಾದರೆ ಅಷ್ಟು ಸಣ್ಣಗೆ ಕತ್ತರಿಸಿದ್ದು ಯಾಕೆ? ಮುಖಪುಟಕ್ಕೆ. ಆಮೇಲೆ ವಾಟ್ಸಾಪಿನವರು ಅದನ್ನೂ ಹಿಂಡಿ ಕಳಿಸುತ್ತಾರೆ. ಫುಲ್ ಎಚ್‌ಡಿ ಟಿವಿಯಲ್ಲಿ ಹಾಕಿ ನೋಡೋಣ ಎಂದರೆ ಆ ಟಿವಿಯಲ್ಲಿ ಇರುವುದೇ ಸುಮಾರು 20 ಲಕ್ಷ ಚುಕ್ಕಿ.

ಫೋನು ಬೇಡ, ಕ್ಯಾಮೆರಾವೇ ಬೇಕು ಎಂದು ಅಂಗಡಿಗೆ ಹೋದರೆ ಹುಡುಗ ಗ್ಲಾಸಿನ ಮೇಲೆ ಒಂದನ್ನು ಮೆಲ್ಲಗೆ ಇಡುತ್ತಾನೆ. "ಮಾಷೆ, ಇದು ಒನ್ ಇಂಚ್ ಸೆನ್ಸರ್." ಸೆನ್ಸರ್ ಅಂದರೆ ಲೆನ್ಸಿನ ಹಿಂದೆ ಬೆಳಕು ಹಿಡಿಯುವ ತುಣುಕು. ಅದು ದೊಡ್ಡದಿದ್ದಷ್ಟು ಒಳ್ಳೆಯದು, ನಿಜ. ಆದರೆ ಸ್ಕೇಲ್ ಇಟ್ಟು ಅಳೆದರೆ ಅದು 13.2 ಮಿಲಿಮೀಟರ್ ಉದ್ದ, 8.8 ಮಿಲಿಮೀಟರ್ ಅಗಲ. ಮೂಲೆಯಿಂದ ಮೂಲೆಗೆ ಹಿಡಿದರೂ 16 ಮಿಲಿಮೀಟರ್. ಇಂಚು ಎಲ್ಲಿ? ಹಿಂದೆ ಟಿವಿ ಕ್ಯಾಮೆರಾಗಳಲ್ಲಿ ಗಾಜಿನ ಟ್ಯೂಬ್ ಇರುತ್ತಿತ್ತು. ಅದರ ಹೊರಗಿನ ಅಡ್ಡಳತೆ ಒಂದು ಇಂಚು, ಒಳಗೆ ಚಿತ್ರ ಬೀಳುವ ಜಾಗ ಅದಕ್ಕಿಂತ ಕಡಿಮೆ. ಟ್ಯೂಬ್ ಸತ್ತು ಯಾವ ಕಾಲವಾಯಿತು, ಅಳತೆ ಮಾತ್ರ ಇನ್ನೂ ಬದುಕಿದೆ. ಹತ್ತು ಸೆಂಟ್ಸ್ ಜಾಗ ಎಂದು ದುಡ್ಡು ತೆಗೆದುಕೊಂಡು ಆರು ಸೆಂಟ್ಸ್ ಬರೆದುಕೊಟ್ಟರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲೇ ಹೊಡೆದಾಟ ಆದೀತು. ಇಲ್ಲಿ ಮಾತ್ರ ನಾವು ಕಾರ್ಡ್ ಉಜ್ಜಿ ಥ್ಯಾಂಕ್ಸ್ ಹೇಳಿ ಬರುತ್ತೇವೆ.

ನನಗೆ ತುಂಬ ಇಷ್ಟವಾದ ಅಂಕಿ ಬೇರೆಯೇ ಇದೆ: 29 ನಿಮಿಷ 59 ಸೆಕೆಂಡ್. ನಮ್ಮೂರಿನಲ್ಲಿ ಕ್ಯಾಮೆರಾ ಕೊಳ್ಳುವವನು ಮೊದಲು ತೆಗೆಯುವುದು ಯಕ್ಷಗಾನ ಆಟದ ವಿಡಿಯೋ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆ ಇದು, ಬೇರೆ ಏನು ತೆಗೆಯಲಿ? ರಂಗಸ್ಥಳದ ಎದುರು ಸ್ಟ್ಯಾಂಡ್ ನಿಲ್ಲಿಸಿ, ಬ್ಯಾಟರಿ ತುಂಬಿಸಿ, ದೊಡ್ಡ ಕಾರ್ಡ್ ಹಾಕಿ ಕೂತಿದ್ದೆ. ಮಧ್ಯರಾತ್ರಿ ಕಳೆದಿತ್ತು. ಜನರ ಹಿಂದಿನಿಂದ ದೊಂದಿ ಎದ್ದಿತು, ರಾಳದ ಪುಡಿ ಧಗ್ಗೆಂದಿತು, ಚೆಂಡೆ ಏರಿತು, ಮಹಿಷಾಸುರ ಅಬ್ಬರಿಸುತ್ತಾ ಸಭೆಯ ನಡುವೆಯೇ ನುಗ್ಗಿ ಬಂದ. ಕ್ಯಾಮೆರಾ ಟಿಕ್ ಎಂದು ನಿಂತಿತು. ಬ್ಯಾಟರಿ ಇದೆ, ಕಾರ್ಡಿನಲ್ಲಿ ಜಾಗ ಇದೆ. ಅದರ ಡ್ಯೂಟಿ ಮುಗಿದಿತ್ತು ಅಷ್ಟೇ.

ಇದಕ್ಕೆ ಕಾರಣ ಯುರೋಪಿನ ಹಳೆಯ ಸುಂಕದ ಲೆಕ್ಕ. ಒಂದೇ ಸಮನೆ ಅರ್ಧ ಗಂಟೆ ರೆಕಾರ್ಡ್ ಮಾಡಿದರೆ ಅದು ವಿಡಿಯೋ ಕ್ಯಾಮೆರಾ, ಸುಂಕ ಕಟ್ಟಬೇಕಿತ್ತು. ಒಂದು ಸೆಕೆಂಡ್ ಕಡಿಮೆಯಾದರೆ ಬಡಪಾಯಿ ಫೋಟೋ ಕ್ಯಾಮೆರಾ. ಕಂಪನಿಗಳು ಆ ಒಂದು ಸೆಕೆಂಡನ್ನು ಉಳಿಸಿಕೊಂಡವು. ಇಡೀ ರಾತ್ರಿಯ ಆಟವನ್ನು ಕೆಲವೇ ಗಂಟೆಗೆ ಇಳಿಸಿದ ಮೇಳದವರಿಗಿಂತ ಮೊದಲೇ ಕಾಲಮಿತಿ ಪ್ರಯೋಗ ಶುರು ಮಾಡಿದ್ದು ಇವರೇ ಇರಬೇಕು. ನಮ್ಮ ಕಸ್ಟಮ್ಸಿನವರು ಬಿಟ್ಟಾರೆಯೇ? ಇದೇ ಅರ್ಧ ಗಂಟೆಯ ಸುಂಕ ವಿನಾಯಿತಿಯ ಜಗಳ ಸುಪ್ರೀಂ ಕೋರ್ಟಿಗೂ ಹೋಯಿತು. 2021ರಲ್ಲಿ ತೀರ್ಪು ಬಂತು, ನೋಟಿಸ್ ಕೊಟ್ಟ ಅಧಿಕಾರಿಗೆ ನೋಟಿಸ್ ಕೊಡುವ ಅಧಿಕಾರವೇ ಇಲ್ಲ ಎಂದು. 2024ರಲ್ಲಿ ಅದನ್ನೇ ಮರುಪರಿಶೀಲಿಸಿ, ಇದೆ ಎಂದರು. ಅಷ್ಟರಲ್ಲಿ ಈ ಮಿತಿ ಇಲ್ಲದ ಮಾಡೆಲ್‌ಗಳೇ ಮಾರ್ಕೆಟ್ಟಿಗೆ ಬಂದಿದ್ದವು. ಅವುಗಳಲ್ಲಿ ಕೆಲವು ಸುಂಕಕ್ಕೆ ಹೆದರುವುದಿಲ್ಲ, ಬಿಸಿಯಾಗಿ ತಾವೇ ಆಫ್ ಆಗುತ್ತವೆ.

ಇಷ್ಟಕ್ಕೆಲ್ಲ ನಗಬಹುದು. ನಗು ಬಾರದ್ದು ಮಳೆಗಾಲ ಮುಗಿದ ಮೇಲೆ. ಲೆನ್ಸನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಅಂಚಿನಿಂದ ನಡುವಿಗೆ ಬಿಳಿ ಎಳೆಗಳು ಹಬ್ಬಿರುತ್ತವೆ. ಬೂಷ್ಟು. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಜಿಲ್ಲೆ ಇದು. ವಾರಂಟಿ ಕಾರ್ಡಿನ ಹಿಂದೆ ಇರುವೆ ಸಾಲಿನ ಅಕ್ಷರದಲ್ಲಿ ಬರೆದಿದೆ, ತೇವದಿಂದ ಆದದ್ದಕ್ಕೆ ನಾವು ಜವಾಬ್ದಾರರಲ್ಲ. ಹಾಗಾದರೆ ಇಲ್ಲಿ ಯಾಕೆ ಮಾರುತ್ತೀರಿ? ರಾಜಸ್ಥಾನದಲ್ಲಿ ಮಾರಿ.

ದುಡ್ಡು ಕೊಟ್ಟೇ ರಿಪೇರಿ ಮಾಡಿಸೋಣ ಎಂದು ಫೋನ್ ಮಾಡಿದೆ. ಆ ಕಡೆಯ ಹುಡುಗಿ ಪಿನ್‌ಕೋಡ್ ಕೇಳಿದಳು. 671 ಎನ್ನುವಷ್ಟರಲ್ಲೇ, "ನಿಮ್ಮ ಸರ್ವಿಸ್ ಸೆಂಟರ್ ಕೊಚ್ಚಿ, ಸರ್" ಎಂದಳು. ಅಮ್ಮಾ, ಮಂಗಳೂರು ನನಗೆ 50 ಕಿಲೋಮೀಟರ್, ಕೊಚ್ಚಿ 350ಕ್ಕೂ ಜಾಸ್ತಿ. ತಲಪಾಡಿ ಗಡಿ ದಾಟಿದರೆ ಮುಗಿಯಿತು, ಕ್ಯಾಮೆರಾ ಕೊಂಡದ್ದೂ ಮಂಗಳೂರಿನಲ್ಲೇ. "ಸಿಸ್ಟಮ್ ತಗೊಳ್ತಾ ಇಲ್ಲ ಸರ್." ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದಲೂ ಸಿಸ್ಟಮ್ಮು ನಮ್ಮನ್ನು ತೆಗೆದುಕೊಳ್ಳುತ್ತಿಲ್ಲ, ಅದು ಅವಳ ತಪ್ಪಲ್ಲ. ಅರ್ಜಿಗೆ, ರೇಷನ್ನಿಗೆ, ಬೋರ್ಡಿಗೆ ಅಲೆದು ಸಾಕಾಗಿರುವ ಜನ ನಾವು, ಈಗ ಲೆನ್ಸಿನ ಬೂಷ್ಟಿಗೂ ಗಡಿ ಕಾಯಬೇಕಂತೆ. ಶೇಕಡಾ 18 ಜಿಎಸ್‌ಟಿ ಸೇರಿಸಿ ಬಿಲ್ಲು ಹರಿದುಕೊಡುವಾಗ ಯಾರೂ ನನ್ನ ಪಿನ್‌ಕೋಡ್ ಕೇಳಿರಲಿಲ್ಲ.