ಮುರಿದರೂ ಬೇಗ ಎದ್ದು ಹಾರುವಂತಿರಲಿ

ಹೊಸ ಆಲೋಚನೆಯನ್ನು ಸಣ್ಣ ಪ್ರಯೋಗಗಳ ಮೂಲಕ ಬೆಳೆಸಬೇಕು ಎಂಬ ಮಾತನ್ನು ಈಗ ಎಲ್ಲರೂ ಆಡುತ್ತಾರೆ. ಆದರೆ ಯಾವುದನ್ನು ಸಣ್ಣ ಪ್ರಯೋಗ ಎನ್ನಬೇಕು ಎಂದು ಕೇಳಿದರೆ ಉತ್ತರಗಳು ಮಸುಕಾಗುತ್ತವೆ. ನನ್ನ ಮಟ್ಟಿಗೆ ಅದರ ಅಳತೆ ಒಂದೇ: ಕೆಟ್ಟುಹೋದರೆ ಮತ್ತೆ ನಿಲ್ಲಿಸಲು ಎಷ್ಟು ಹೊತ್ತು, ಎಷ್ಟು ಹಣ ಬೇಕು? ಈ ಅಳತೆಯಿಂದ ನೋಡಿದರೆ, ರೆಕ್ಕೆಯೇ 29 ಮೀಟರು ಉದ್ದವಿದ್ದ ಒಂದು ವಿಮಾನವೂ ಸಣ್ಣ ಪ್ರಯೋಗವಾಗಬಲ್ಲದು.

ಬ್ರಿಟನ್ನಿನ ಉದ್ಯಮಿ ಹೆನ್ರಿ ಕ್ರೆಮರ್ 1959ರಲ್ಲಿ ಒಂದು ಬಹುಮಾನವನ್ನು ಘೋಷಿಸಿದರು. ಅರ್ಧ ಮೈಲಿ ಅಂತರದ ಎರಡು ಗುರುತುಗಳನ್ನು ಸುತ್ತಿ, 8ರ ಅಂಕಿಯ ಆಕಾರದಲ್ಲಿ, ಕೇವಲ ಮನುಷ್ಯನ ಮೈಬಲದಿಂದ ಹಾರಿ ತೋರಿಸಬೇಕಿತ್ತು. 1961ರಲ್ಲಿ ಸೌತಾಂಪ್ಟನ್ ವಿಶ್ವವಿದ್ಯಾಲಯದವರ ವಿಮಾನ ಪೆಡಲು ತುಳಿದೇ ನೆಲ ಬಿಟ್ಟಿತಾದರೂ 8ರ ಪೂರ್ತಿ ತಿರುವು ಯಾರಿಗೂ ಒಲಿಯಲಿಲ್ಲ. ಹ್ಯಾಟ್‌ಫೀಲ್ಡಿನ ಎಂಜಿನಿಯರುಗಳು ಬಾಲ್ಸಾ ಎಂಬ ಹಗುರ ಮರದಲ್ಲಿ ಬಹಳ ನಾಜೂಕಾಗಿ ಕಟ್ಟಿದ 'ಪಫಿನ್' ವಿಮಾನ 1963ರಲ್ಲಿ ಬಿದ್ದು ಮುರಿಯಿತು. ಅದರ ಎರಡನೆಯ ರೂಪ ಗಾಳಿಗೇರಿದ್ದು 1965ರಲ್ಲಿ. ಇವರಿಗೆ ಜಾಣತನದ ಕೊರತೆ ಇರಲಿಲ್ಲ, ಆದರೆ ಒಂದು ತಪ್ಪಿನಿಂದ ಮುಂದಿನ ತಪ್ಪಿಗೆ ಹೋಗಲು ಅವರಿಗೆ ವರ್ಷಗಳೇ ಹಿಡಿಯುತ್ತಿದ್ದವು.

ಅಮೆರಿಕದ ವಿಮಾನ ಎಂಜಿನಿಯರ್ ಪಾಲ್ ಮೆಕ್‌ಕ್ರೆಡಿ ಈ ಕೆಲಸಕ್ಕೆ ಇಳಿದದ್ದು ಸಾಲದ ಕಾರಣಕ್ಕೆ ಎಂಬುದು ನನಗೆ ಬಹಳ ಹಿಡಿಸುವ ಸಂಗತಿ. ಹತ್ತಿರದವರೊಬ್ಬರ ಸಾಲಕ್ಕೆ ಜಾಮೀನು ನಿಂತು ಮೆಕ್‌ಕ್ರೆಡಿಯವರ ತಲೆಯ ಮೇಲೆ ಸುಮಾರು ಒಂದು ಲಕ್ಷ ಡಾಲರಿನ ಹೊರೆ ಬಂದಿತ್ತು. ಆ ವೇಳೆಗೆ 50,000 ಪೌಂಡಿಗೆ ಏರಿದ್ದ ಬಹುಮಾನ ಅದನ್ನು ಹೆಚ್ಚುಕಡಿಮೆ ತೀರಿಸುವಷ್ಟಿತ್ತು. ಸೃಜನಶೀಲತೆಗೆ ಸ್ಫೂರ್ತಿಯೇ ಮೂಲವೆನ್ನುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅವರು ಕಟ್ಟಿದ 'ಗಾಸಮರ್ ಕಾಂಡರ್', ಅಂದರೆ ಮೊದಲು ಹೇಳಿದ 29 ಮೀಟರು ರೆಕ್ಕೆಯ ವಿಮಾನ, ನೋಡಲು ಚೆಂದವೇನೂ ಇರಲಿಲ್ಲ: ಅಲ್ಯೂಮಿನಿಯಂ ಕೊಳವೆ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಬಿಗಿದು ಕಟ್ಟಿದ ಪಿಯಾನೋ ತಂತಿ, ಅಂಟುಪಟ್ಟಿ. ಸಾಮಾನ್ಯ ವಿಮಾನದಲ್ಲಿ ಹೊರಗೆ ಚಾಚಿದ ತಂತಿಗಳು ಗಾಳಿಯನ್ನು ವಿಪರೀತವಾಗಿ ತಡೆಯುತ್ತವೆ, ಆದರೆ ಸೈಕಲ್ಲಿನ ವೇಗದಲ್ಲಿ ತೇಲುವ ಯಂತ್ರಕ್ಕೆ ಆ ತಡೆ ಸಹ್ಯವೆಂದು ಅವರು ಕಂಡುಕೊಂಡಿದ್ದರು. ಹಾರಾಟ ನೆಲದಿಂದ ಕೆಲವೇ ಮೀಟರು ಎತ್ತರದಲ್ಲಿ ನಡೆಯುತ್ತಿದ್ದುದರಿಂದ ಬಿದ್ದರೆ ಪ್ರಾಣಭಯ ಕಡಿಮೆ. ಮುರಿದ ಕೊಳವೆಗೆ ಆಸರೆ ಕಟ್ಟಿ, ಹರಿದ ಹಾಳೆಗೆ ಅಂಟು ಹಚ್ಚಿ ಬೇಗನೆ ಮತ್ತೆ ಹಾರಬಹುದಾಗಿತ್ತು. ಎಲ್ಲರನ್ನೂ ಸೋಲಿಸಿದ್ದ ತಿರುವಿನ ಸಮಸ್ಯೆ ಬಿಡಿಸಿಕೊಂಡದ್ದೂ ಹೀಗೆಯೇ: ರೆಕ್ಕೆಯ ಆಕಾರವನ್ನು ಬದಲಿಸಿ, ಅದನ್ನು ತಿರುಚಿ, ಮುಂಭಾಗದ ಪುಟ್ಟ ರೆಕ್ಕೆಯನ್ನು ವಾಲಿಸಿ, ಮತ್ತೆ ಮತ್ತೆ ನೋಡಿ. 1977ರ ಆಗಸ್ಟ್ 23ರಂದು ಕ್ಯಾಲಿಫೋರ್ನಿಯಾದ ಶಾಫ್ಟರ್‌ನಲ್ಲಿ, ಹವ್ಯಾಸಿ ಸೈಕಲ್ ಸವಾರ ಬ್ರಯಾನ್ ಆಲೆನ್ ಏಳೂವರೆ ನಿಮಿಷದಲ್ಲಿ ಆ 8ನ್ನು ಪೂರೈಸಿದರು.

ಕೆಡಿಸಿ ಕಲಿಯುವ ಈ ದಾರಿಯನ್ನು ಎಲ್ಲ ಕಡೆಗೂ ಅನ್ವಯಿಸಲಾಗದು. ಜನ ಓಡಾಡುವ ಸೇತುವೆಯನ್ನು ಕಟ್ಟಿ, ಬಿದ್ದ ಮೇಲೆ ಕಲಿಯುತ್ತೇವೆ ಎನ್ನುವುದು ಅಪರಾಧ. ಗುರಿಯಿಲ್ಲದೆ ಅದಿಷ್ಟು ಇದಿಷ್ಟು ಮಾಡಿ ನೋಡುವುದಕ್ಕೂ ಸಣ್ಣ ಪ್ರಯೋಗವೆಂಬ ಹೆಸರು ಸಲ್ಲದು; ಮೆಕ್‌ಕ್ರೆಡಿಯವರ ಎದುರಿಗೆ ಅರ್ಧ ಮೈಲಿ ದೂರದ ಎರಡು ಗುರುತುಗಳು ಸದಾ ಇದ್ದವು.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ಪ್ರಾಜೆಕ್ಟುಗಳಲ್ಲಿ ಬಹುಮಟ್ಟಿಗೆ ನಡೆಯುವುದು ಇದಕ್ಕೆ ವಿರುದ್ಧವಾದದ್ದು. ಒಂದು ತುಂಡನ್ನೂ ಜೋಡಿಸಿ ನೋಡುವ ಮೊದಲೇ ಶೀರ್ಷಿಕೆ, ಸಾರಾಂಶ, ನಿರೀಕ್ಷಿತ ಫಲಿತಾಂಶ ಎಲ್ಲವನ್ನೂ ಬರೆದು ಸಹಿ ಹಾಕಿಸಬೇಕು. ಆಮೇಲೆ ಉಳಿಯುವುದು ಬರೆದದ್ದನ್ನು ಸಮರ್ಥಿಸುವ ಕೆಲಸ. ಮೊದಲ ತಿಂಗಳು ರಟ್ಟು, ತಂತಿ, ಹಳೆಯ ಮೋಟಾರುಗಳಲ್ಲಿ ಕೆಡಿಸಿ ಕಟ್ಟಲು ಬಿಟ್ಟು, ಶೀರ್ಷಿಕೆಯನ್ನು ಆಮೇಲೆ ಕೇಳಿದರೆ ಕಾಲೇಜಿಗೆ ಆಗುವ ನಷ್ಟವೇನೆಂದು ನನಗೆ ತಿಳಿಯದು. ಮೆಕ್‌ಕ್ರೆಡಿಯವರೂ ಕಾರ್ಬನ್ ನಾರಿನ ಕೊಳವೆಗಳಿಗೆ ಕೈಹಾಕಿದ್ದು, 1979ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದ 'ಗಾಸಮರ್ ಆಲ್ಬಟ್ರಾಸ್' ಕಟ್ಟುವಾಗ. ಅಷ್ಟರಲ್ಲಿ ಏನು ಕಟ್ಟಬೇಕೆಂಬುದನ್ನು ಅಗ್ಗದ ಅಲ್ಯೂಮಿನಿಯಂ ಅವರಿಗೆ ಕಲಿಸಿತ್ತು.